ಒಲೆ ಕಾಣದ ರಸ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಸುರಂಗದ ಕೆಲಸದಲ್ಲಿ ತಂಡಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೆ, ಇನ್ನೂ ನಿನ್ನ ಜೊತೆಯಲ್ಲೇ ಪಾಳಿ ಮಾಡುತ್ತಿದೆಯೆ? ಒದ್ದೆ ಬೂಟಿನಲ್ಲಿ ದಿನವೆಲ್ಲ ನಿಲ್ಲಬೇಡ, ಎಂಥ ದೊಡ್ಡ ಪಂಪು ಬಿಚ್ಚಿ ಜೋಡಿಸುವ ಫಿಟ್ಟರ್ ಆದರೂ ಕಾಲ್ಬೆರಳ ಸಂದಿ ಕೊಳೆತರೆ ಕುಂಟಲೇಬೇಕು ಎಂದು ನಿನ್ನ ಅಮ್ಮ ಪಕ್ಕದಲ್ಲಿ ಕೂತು ಹೇಳಿ ಬರೆಸುತ್ತಿದ್ದಾಳೆ. ಅವಳ ಮಂಡಿನೋವು ಇದ್ದ ಹಾಗೇ ಇದೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿದೆ. ನಾನು ಗುಂಡುಕಲ್ಲಿನಂತೆ ಇದ್ದೇನೆ. ಬಚ್ಚಲಿನ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ, ಮೂರು ಸಲ ವಾಷರ್ ಹಾಕಿದೆ. ಬಾಯ್ಲರ್ ನಡೆಸಿದವನಿಗೆ ನಲ್ಲಿ ಬಗ್ಗುವುದಿಲ್ಲ ಎಂದು ನಿನ್ನ ಅಮ್ಮ ಬೀದಿಗೆಲ್ಲ ಕೇಳುವಂತೆ ನಗುತ್ತಾಳೆ.

ನಿನ್ನ ಪತ್ರ ಬಂದು ವಾರವಾಯಿತು. ‘ಅಪ್ಪಾ, ನಾನು ಹೇಳಿದ್ರೆ ಅವಳು ವಾದ ಮಾಡ್ತಾಳೆ, ನಿಮ್ಮ ಮಾತು ತೆಗೆದುಹಾಕಲ್ಲ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಇಲ್ಲಿಗೆ ಬರೋಕೆ ನೀವೇ ಹೇಳಿ, ಬಂದ್ರೆ ಒಂದು ಕೋಣೆ ಬಾಡಿಗೆಗೆ ಹಿಡೀತೀನಿ’ ಎಂದು ಬರೆದಿದ್ದೀಯ. ಹೆಂಡತಿ ಜೊತೆಯಲ್ಲಿರಲಿ ಎಂದು ಬಯಸುವುದು ತಪ್ಪಲ್ಲ ಮಗನೇ. ಕೆಲಸಗಾರರ ಶೆಡ್ಡಿನಲ್ಲಿ ಎಂಟು ಜನರ ಗೊರಕೆಯ ನಡುವೆ ಮಲಗಿ, ಮೆಸ್ಸಿನ ನೀರು ಸಾರು ಉಣ್ಣುವವನ ಕಷ್ಟ ನನಗೆ ಅರ್ಥವಾಗುತ್ತದೆ. ನಿನ್ನ ಮಾತು ನನಗೆ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಸೊಸೆ ಊಟದ ಡಬ್ಬಿ ಮುಚ್ಚುತ್ತಾ, ರಸದ ಕಾರ್ಖಾನೆಯ ಯಂತ್ರದ ವಿಷಯ ಹೇಳುತ್ತಾ, ಚಪ್ಪಲಿ ಮೆಟ್ಟಿ ಹೊರಟೇ ಹೋದಳು. ಅಷ್ಟರಲ್ಲಿ ಗುರುವಾರ ಬಂತು. ಆ ದಿನ ನಾನು ಕಣ್ಣಾರೆ ಕಂಡದ್ದನ್ನು ಮೊದಲು ಬರೆಯುತ್ತೇನೆ, ನೀನು ಸಮಾಧಾನದಿಂದ ಓದು.

ಆ ಯಂತ್ರ ಬಂದ ಹೊಸದರಲ್ಲಿ ನಾನು ಎಷ್ಟು ಕುಹಕವಾಡಿದ್ದೆ ಎನ್ನುವುದು ನಿನಗೆ ಗೊತ್ತು. ಹಣ್ಣಿನ ರಸವನ್ನು ಬೆಂಕಿಗೆ ತೋರಿಸದೆ, ನೀರಿನಲ್ಲಿ ಅದುಮಿ ಕೆಡದಂತೆ ಇಡುತ್ತಾರಂತೆ ಎಂದಾಗ ಕೈತಟ್ಟಿ ನಕ್ಕವನು ನಾನು. ಇಡೀ ಜೀವನ ಅದೇ ಕಾರ್ಖಾನೆಯಲ್ಲಿ ಹಬೆ ಕಾಯಿಸಿ ರಸ ಕುದಿಸಿದವನಿಗೆ ಒಲೆಯೇ ದೇವರು. ಆದರೆ ಸೊಸೆ ಬಿಡಬೇಕಲ್ಲ! ಒಂದು ಸಂಜೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನನಗೆ ಪಾಠ ಮಾಡಿದಳು. ಗೋಡೆಯಷ್ಟು ದಪ್ಪದ ಉಕ್ಕಿನ ಉರುಳೆ, ಅದರೊಳಗೆ ಮುಚ್ಚಿದ ಪ್ಲಾಸ್ಟಿಕ್ ಬಾಟಲಿಗಳು, ಸುತ್ತ ತಣ್ಣೀರು. ಪಂಪು ಆ ನೀರನ್ನೇ ಒತ್ತುತ್ತದೆ, ಸಮುದ್ರದ ಅತಿ ಆಳದಲ್ಲಿ ಇರುವುದಕ್ಕಿಂತ ಐದಾರು ಪಟ್ಟು ಒತ್ತಡ. ರೋಗ ತರುವ ಕ್ರಿಮಿಗಳು ಅದನ್ನು ತಡೆಯಲಾರದೆ ಸಾಯುತ್ತವೆ, ಹಣ್ಣಿನ ರುಚಿ ಮತ್ತು ಪರಿಮಳ ಉಳಿಯುತ್ತವೆ. ಆಮೇಲೆ ತಂಪಿನಲ್ಲಿ ಇಟ್ಟರೆ ವಾರಗಟ್ಟಲೆ ಬಾಳುತ್ತದೆ. ಅಷ್ಟು ಒತ್ತಿದರೆ ಬಾಟಲಿ ಅಪ್ಪಚ್ಚಿಯಾಗುವುದಿಲ್ಲವೆ ಎಂದು ನಾನು ಗೆದ್ದವನಂತೆ ಕೇಳಿದೆ. ‘ಆಳದ ನೀರಲ್ಲಿರೋ ಮೀನು ಅಪ್ಪಚ್ಚಿ ಆಗುತ್ತಾ ಮಾವ? ಎಲ್ಲಾ ಕಡೆಯಿಂದ ಒಂದೇ ಸಮ ಒತ್ತಿದ್ರೆ ಏನೂ ಆಗಲ್ಲ’ ಎಂದಳು. ನಿನ್ನ ಅಮ್ಮ ಒಳಗಿನಿಂದಲೇ, ‘ಮೀನಿಗಿರೋ ಬುದ್ಧಿ ಇವರಿಗೆ ಬೇಡ್ವಾ’ ಅಂದಳು. ಅತ್ತೆ ಸೊಸೆ ಒಂದಾದ ಮನೆಯಲ್ಲಿ ಗಂಡಸಿನ ಪಾಡು ಹೀಗೇ.

ಗುರುವಾರ ದೊಡ್ಡ ಆಸ್ಪತ್ರೆಯ ಅಡುಗೆ ವಿಭಾಗದವರು ರಸ ನೋಡಲು ಬರುವವರಿದ್ದರು. ಅವರ ರೋಗಿಗಳಲ್ಲಿ ಕೆಲವರು ತೀರಾ ನಿತ್ರಾಣದವರು. ಹಿಂಡಿದ ಹಸಿ ರಸ ಕೊಡಲು ವೈದ್ಯರಿಗೆ ಕ್ರಿಮಿಯ ಭಯ, ಕುದಿಸಿದ್ದು ಕೊಟ್ಟರೆ ರೋಗಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ನಮ್ಮ ಸೊಸೆಯ ಯಂತ್ರದ ಸುದ್ದಿ ಕೇಳಿ ಹೊರಟಿದ್ದರು. ಅವತ್ತೇ ಬಾಟಲಿ ತುಂಬುವ ಹೆಂಗಸರಿಬ್ಬರು ಜ್ವರ ಬಂದು ಮಲಗಿದರು. ‘ಮಾವ, ಅರ್ಧ ದಿನ ಬಂದು ಕೈ ಜೋಡಿಸ್ತೀರಾ?’ ಎಂದಳು. ನಿವೃತ್ತಿಯಾದ ಮೇಲೆ ಯಾರೂ ನನ್ನನ್ನು ಕೆಲಸಕ್ಕೆ ಕರೆದಿರಲಿಲ್ಲ. ಮುಖ ಬಿಗಿಹಿಡಿದು ‘ನೋಡೋಣ’ ಅಂದೆ, ಅವಳಿಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದೆ. ಒಳಗೆ ಎಲ್ಲ ಬದಲಾಗಿದೆ. ಕಿತ್ತಳೆ ತೊಳೆಯುವ ತೊಟ್ಟಿ ಮಾತ್ರ ಅದೇ ಜಾಗದಲ್ಲಿದೆ. ನನ್ನ ಬಾಯ್ಲರ್ ಕೋಣೆಗೆ ಇಣುಕಿ ಬಂದೆ. ಬಾಯ್ಲರಿನ ಮೈ ಮುಟ್ಟಿದರೆ ತಣ್ಣಗಿತ್ತು. ಅದು ತಣ್ಣಗಿರುವುದನ್ನು ನಾನು ರಿಪೇರಿ ದಿನಗಳಲ್ಲಿ ಬಿಟ್ಟರೆ ಕಂಡೇ ಇರಲಿಲ್ಲ.

ಇನ್ನು ನನ್ನ ಪರಾಕ್ರಮ ಕೇಳು. ತಲೆಗೆ ಟೋಪಿ, ಕೈಗೆ ಗವಸು ಹಾಕಿಸಿ, ‘ಬಾಟಲಿ ಬಾಯಿವರೆಗೂ ತುಂಬಿ ಮಾವ, ಒಳಗೆ ಗಾಳಿ ಉಳೀಬಾರದು’ ಎಂದು ಹೇಳಿಯೇ ಹೋದಳು. ಕಿವಿ ಕೇಳಿಸಿಕೊಂಡಿತು, ಕೈ ಕೇಳಿಸಿಕೊಳ್ಳಲಿಲ್ಲ. ಗಾಜಿನ ಬಾಟಲಿಗೆ ಬಿಸಿ ರಸ ತುಂಬುವಾಗ ಮೇಲೆ ಎರಡು ಬೆರಳು ಜಾಗ ಬಿಡಬೇಕು, ಇಲ್ಲದಿದ್ದರೆ ಉಕ್ಕುತ್ತದೆ, ಒಡೆಯುತ್ತದೆ. ಎಷ್ಟೋ ಹುಡುಗರಿಗೆ ನಾನೇ ಗದರಿ ಕಲಿಸಿದ ಪಾಠ ಅದು. ಹಾಡು ಗುನುಗುತ್ತಾ ಒಂದು ಬುಟ್ಟಿ ಪೂರ್ತಿ, ಅಚ್ಚುಕಟ್ಟಾಗಿ, ಎರಡೆರಡು ಬೆರಳು ಬಿಟ್ಟು ತುಂಬಿದೆ. ಬುಟ್ಟಿ ಉರುಳೆಯೊಳಗೆ ಹೋಯಿತು, ಪಂಪು ಗುಂಯ್‌ಗುಟ್ಟಿತು. ಹೊರಗೆ ಬಂದಾಗ ಒಂದೊಂದು ಬಾಟಲಿಯೂ ಹಲ್ಲುದುರಿದ ಮುದುಕರ ಕೆನ್ನೆಯ ಹಾಗೆ ಒಳಗೆ ಸೇದಿಕೊಂಡಿತ್ತು. ರಸ ಅಷ್ಟಾಗಿ ಕುಗ್ಗುವುದಿಲ್ಲ, ಗಾಳಿ ಕುಗ್ಗಿ ಇಲ್ಲವೇ ಇಲ್ಲ ಎಂಬಂತಾಗುತ್ತದೆ, ಆ ಜಾಗಕ್ಕೆ ಪ್ಲಾಸ್ಟಿಕ್ ಗೋಡೆ ಕುಸಿಯುತ್ತದೆ. ಈಗ ನಿನಗೆ ವಿವರಿಸುವಷ್ಟು ಜ್ಞಾನ ಬಂದಿದೆ, ಆಗ ಎಲ್ಲಿತ್ತು? ನಾನು ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, ‘ಬಾಟಲಿನೇ ಕಳಪೆ’ ಅಂದೆ.

ಸೊಸೆ ಒಂದು ಬಾಟಲಿ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು. ನೆಟ್ಟಗೆ ನನ್ನ ಹತ್ತಿರ ಬಂದಳು. ಮ್ಯಾನೇಜರ್ ಇದ್ದ, ತೊಳೆಯುವವರು, ಲೇಬಲ್ ಹಚ್ಚುವವರು ಎಲ್ಲರೂ ಇದ್ದರು. ‘ಮಾವ, ಮನೇಲಿ ನೀವು ಹೇಳಿದ್ದು ನಾನು ಕೇಳ್ತೀನಿ. ಇಲ್ಲಿ ನಾನು ಹೇಳಿದ್ದು ನೀವು ಕೇಳಬೇಕು. ಬಾಯಿವರೆಗೂ ಅಂದ್ರೆ ಬಾಯಿವರೆಗೂ’ ಎಂದಳು. ದನಿ ಏರಿಸಲಿಲ್ಲ, ಕಣ್ಣು ತಗ್ಗಿಸಲೂ ಇಲ್ಲ. ನನ್ನ ಕಿವಿ ಬಿಸಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮರುಗಳಿಗೆಯಲ್ಲೇ ಏನಾಯಿತೋ, ಎದೆ ಅಗಲವಾಯಿತು ಮಗನೇ. ಹಬೆಯ ಕೋಣೆಯಲ್ಲಿ ನಾನು ಮಾಲೀಕರಿಗೇ ‘ಇಲ್ಲಿ ನನ್ನ ಮಾತು ನಡೀಬೇಕು’ ಅಂದವನು. ಆ ಮಾತು ಆಡುವ ಗಟ್ಟಿತನ ನನ್ನ ನಂತರ ಆ ಕಟ್ಟಡದಲ್ಲಿ ಯಾರಿಗೂ ಇಲ್ಲ ಎಂದುಕೊಂಡಿದ್ದೆ. ನೋಡಿದರೆ ನಮ್ಮ ಮನೆಯಲ್ಲೇ ಇತ್ತು, ನನಗೇ ದಿನಾ ಅನ್ನ ಬಡಿಸುತ್ತಿತ್ತು! ‘ಆಯ್ತಮ್ಮ’ ಎಂದು ಗವಸು ಬದಲಿಸಿ ಎರಡನೇ ಬುಟ್ಟಿಗೆ ಕೈ ಹಾಕಿದೆ.

ಆಸ್ಪತ್ರೆಯವರ ಕಾರು ಬಂದಾಗ ಮ್ಯಾನೇಜರ್‌ಗೆ ಕೈಕಾಲು ಆಡಲಿಲ್ಲ. ಸೊಟ್ಟ ಬಾಟಲಿಗಳನ್ನು ಮೇಜಿನ ಕೆಳಗೆ ತಳ್ಳಿ ಮೇಲೆ ಬಟ್ಟೆ ಇಳಿಬಿಡುತ್ತಿದ್ದ. ‘ಬೇಡ ಸರ್, ಅವರಿಗೆ ಇದನ್ನೇ ಮೊದಲು ತೋರಿಸ್ತೀನಿ’ ಎಂದು ಸೊಸೆ ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಜೋಡಿಸಿದಳು. ಆಸ್ಪತ್ರೆಯ ಅಡುಗೆ ಮುಖ್ಯಸ್ಥೆ ಭಾರೀ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು, ಮಾತು ಅಳೆದು ಆಡುವ ಜಾತಿ. ಸೊಟ್ಟ ಬಾಟಲಿ ಎತ್ತಿ, ‘ಇದು ಯಾರ ತಪ್ಪು?’ ಎಂದಳು. ನಾನು ಲೇಬಲ್ ಹಚ್ಚುವವರ ಹಿಂದೆ ಸರಿದೆ. ‘ನಂದು. ತುಂಬಿದವರು ಹಳೇ ಪದ್ಧತಿಯವರು, ಮೊದಲ ಬಾಟಲಿ ನಿಂತು ನೋಡಬೇಕಾದವಳು ನಾನು, ನೋಡಲಿಲ್ಲ’ ಎಂದಳು ನಮ್ಮ ಹುಡುಗಿ. ಒಳಗಿನ ರಸಕ್ಕೂ ಅಷ್ಟೇ ಒತ್ತಡ ತಾಗಿದೆ, ಆದರೆ ಮುಚ್ಚಳ ಸಡಿಲವಾಗಿರಬಹುದು, ಆ ಅನುಮಾನ ಇರುವ ಒಂದನ್ನೂ ಹೊರಗೆ ಕಳಿಸುವುದಿಲ್ಲ ಎಂದೂ ಹೇಳಿದಳು. ಮ್ಯಾನೇಜರ್ ಮುಖ ಇಂಗು ತಿಂದ ಮಂಗನಂತಾಗಿತ್ತು. ಆ ಹೆಂಗಸು ಮಾತ್ರ ಕನ್ನಡಕ ತೆಗೆದು ಸೊಸೆಯನ್ನು ಪೂರ್ತಿ ನೋಡಿದಳು.

ಆಮೇಲೆ ರುಚಿ ನೋಡುವ ಸರದಿ. ಮೂರು ಲೋಟ, ಮೂರರಲ್ಲೂ ಕಿತ್ತಳೆ ರಸ, ಯಾವುದು ಏನೆಂದು ಸೊಸೆಗಷ್ಟೇ ಗೊತ್ತು. ನನಗೂ ಕೊಟ್ಟಳು. ಒಂದನ್ನು ನಾಲಿಗೆಗೆ ಇಟ್ಟ ಕೂಡಲೇ ಗುರುತು ಸಿಕ್ಕಿತು, ಅದು ಹಬೆಯಲ್ಲಿ ಕುದಿಸಿದ್ದ ಹಳೇ ದಾಸ್ತಾನು. ಸಿಪ್ಪೆ ಬೇಯಿಸಿದಂಥ ಆ ಸಣ್ಣ ಕಹಿ ನನ್ನ ಅಂಗಿಯಲ್ಲಿ, ತಲೆಗೂದಲಲ್ಲಿ ವರ್ಷಗಟ್ಟಲೆ ಕೂತಿದ್ದ ವಾಸನೆ. ನೀನು ಚಿಕ್ಕವನಿದ್ದಾಗ ನನ್ನ ತೊಡೆ ಏರಿ ‘ಅಪ್ಪ ಔಷಧಿ ವಾಸನೆ’ ಅನ್ನುತ್ತಿದ್ದೆ. ಉಳಿದ ಎರಡರಲ್ಲಿ ಒಂದು ಆಗಷ್ಟೇ ಹಿಂಡಿದ್ದು ಎಂದು ಆಣೆ ಮಾಡಿ ಹೇಳಿದೆ. ಆಸ್ಪತ್ರೆಯ ಹೆಂಗಸೂ ಅದನ್ನೇ ತೋರಿಸಿದಳು. ಸೊಸೆ ಆ ರಸದ ಬಾಟಲಿ ತಂದು ಅದರ ಮೇಲಿನ ಚೀಟಿ ತೋರಿಸಿದಳು. ಅದು ಹಿಂದಿನ ತಿಂಗಳು ಒತ್ತಿ ತಂಪಿನಲ್ಲಿ ಇಟ್ಟಿದ್ದ ರಸ! ಇಬ್ಬರು ಹಳೇ ನಾಲಿಗೆಯವರು ಒಟ್ಟಿಗೆ ಮೋಸಹೋದೆವು. ನನಗೆ ಸಂಕಟವೂ ಆಯಿತು, ಖುಷಿಯೂ ಆಯಿತು, ಖುಷಿಯೇ ಹೆಚ್ಚು. ಆ ಹೆಂಗಸು ಲೋಟ ಖಾಲಿ ಮಾಡಿ, ‘ಗಂಟಲಲ್ಲಿ ಏನೂ ಇಳಿಯದವರು ಇದನ್ನ ಕುಡೀತಾರೆ. ಕಳಿಸಿ’ ಎಂದಳು. ಅಷ್ಟೇ ಮಾತು.

ಅವರ ಕಾರು ಗೇಟು ದಾಟುವ ಮೊದಲೇ ಮ್ಯಾನೇಜರ್ ಎಲ್ಲರ ಎದುರಿಗೆ ಆ ಯಂತ್ರದ ವಿಭಾಗದ ಪೂರ್ತಿ ಉಸ್ತುವಾರಿ ಅವಳಿಗೇ ಎಂದು ಹೇಳಿಬಿಟ್ಟ. ಕೆಲಸಗಾರರು ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ತಟ್ಟಿದ ಮುದುಕ ಯಾರು ಎಂದು ನಾನು ಹೇಳಬೇಕಾಗಿಲ್ಲ. ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಇಷ್ಟು ಗೆದ್ದವಳು ಮುಖ ಯಾಕೆ ಸಣ್ಣ ಮಾಡಿದ್ದಾಳೆ ಎಂದು ಕೇಳಿದೆ. ‘ಅವರಿಗೆ ಹೇಗೆ ಹೇಳ್ಲಿ ಮಾವ? ಬಾ ಬಾ ಅಂತ ಬರೀತಿದಾರೆ. ಹೋಗಲ್ಲ ಅಂದ್ರೆ ನಾನು ಕೆಟ್ಟವಳು, ಹೋದ್ರೆ ಇದೆಲ್ಲ ಬಿಡಬೇಕು’ ಎಂದಳು. ಕಣ್ಣು ಒರೆಸಿಕೊಂಡಳು, ಧೂಳು ಅಂದಳು. ಕಿಟಕಿ ಮುಚ್ಚಿತ್ತು. ನೀನು ಹೇಳು ಎಂದಿದ್ದ ಮಾತು ನನ್ನ ಗಂಟಲಿನವರೆಗೂ ಬಂದಿತ್ತು, ಅಲ್ಲೇ ನುಂಗಿದೆ. ಮನೆಗೆ ಬಂದ ಮೇಲೆ ನಿನ್ನ ಅಮ್ಮ ಮಂಡಿನೋವು ಮರೆತು ಬಾಗಿಲವರೆಗೂ ಬಂದು ಸೊಸೆಯ ಕೆನ್ನೆ ಸವರಿದಳು, ನನ್ನ ಸೊಟ್ಟ ಬಾಟಲಿಯ ಕಥೆ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ, ಮಾವನ ಕಾಲ ಯಾವುದು ಎಂದು ಯಾರೂ ಹೇಳಿಲ್ಲ. ಇದೇ ಇರಬೇಕು.

ನಿನ್ನನ್ನು ಬೈಯಲು ಇದನ್ನೆಲ್ಲ ಬರೆಯಲಿಲ್ಲ. ನೀನು ಕಟ್ಟಿಕೊಂಡ ಹುಡುಗಿ ಎಂಥವಳು ಎಂದು ದೂರದಲ್ಲಿರುವ ನಿನಗೂ ಕಾಣಲಿ ಎಂದು ಬರೆದೆ. ನಮ್ಮ ಮನೆಯಲ್ಲಿ ಇಷ್ಟು ದೊಡ್ಡ ಕೆಲಸ ಯಾರೂ ಮಾಡಿರಲಿಲ್ಲ ಮಗನೇ, ನಾನೂ ಮಾಡಿರಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು, ಕಿವಿಗೆ ಮಫ್ಲರ್ ಸುತ್ತಿಕೋ. ನಿನ್ನ ಅಮ್ಮ ತಲೆ ನೇವರಿಸಿದ್ದೇನೆ ಎಂದು ಬರೆಯಲು ಹೇಳಿದಳು, ನಾನೂ ನೇವರಿಸಿದ್ದೇನೆ. ನೀವಿಬ್ಬರೂ ನೂರು ಕಾಲ ಒಟ್ಟಿಗೆ ಬಾಳಿ.

ನಿನ್ನ ಅಪ್ಪ

ಮರೆತೆ, ಇದು ಮುಖ್ಯ: ಸೊಸೆ ಅಂಗಡಿಗೆ ಹೋದವಳು ಬೀದಿ ತಿರುವಿನಲ್ಲಿ ಬರುತ್ತಿದ್ದಾಳೆ, ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ, ಬೇಗ ಮುಗಿಸುತ್ತೇನೆ. ಶುಕ್ರವಾರ ನಾನೊಬ್ಬನೇ ಹೋಗಿ ಮ್ಯಾನೇಜರ್‌ನನ್ನು ಕಂಡು ಬಂದೆ. ಆ ದೊಡ್ಡ ಪಂಪಿನ ಸೀಲು ಸವೆದಾಗಲೆಲ್ಲ ದೂರದಿಂದ ಫಿಟ್ಟರ್ ಬರಬೇಕು, ಅಲ್ಲಿಯವರೆಗೆ ಕೆಲಸ ನಿಲ್ಲುತ್ತದೆ. ನನ್ನ ಮಗ ಪಂಪು ಬಲ್ಲವನು ಅಂದೆ. ತಿಂಗಳ ಕೊನೆಯವರೆಗೆ ಫಿಟ್ಟರ್ ಜಾಗ ಖಾಲಿ ಇಡುತ್ತೇನೆ, ಆದರೆ ಹೆಂಡತಿಯ ಕೈಕೆಳಗೆ ಕೆಲಸ ಮಾಡಬೇಕು, ಒಪ್ಪುತ್ತಾನಾ ಎಂದು ಕೇಳಿದ. ಒಪ್ಪುತ್ತಾನೆ ಎಂದು ನಿನ್ನನ್ನು ಕೇಳದೆ ಮಾತು ಕೊಟ್ಟು ಬಂದಿದ್ದೇನೆ. ರಾಜೀನಾಮೆ ಕೊಡು ಎಂದು ನಾನು ಅವಳಿಗೆ ಹೇಳುವುದಿಲ್ಲ ಮಗನೇ. ನೀನು ಕೊಟ್ಟು ಬಾ.