ಹವಳದ ದಿಬ್ಬಕ್ಕೆ ಎರಡು ಕೋಲು

ವುನಿಸೆಯ, ಫಿಜಿ
ಸೋಮವಾರ

ಸಕಿಯೂಸ ಭಾವನವರಿಗೆ,

ಎದುರಿಗೆ ನಿಂತು ಹೇಳಲಾರೆ, ಅದಕ್ಕೆ ಬರೆಯುತ್ತಿದ್ದೇನೆ. ತೀರಿಹೋದ ಅತ್ತೆಯ ಹೆಸರಿನಲ್ಲಿ ನಾಳೆ ಹವಳದ ದಿಬ್ಬಕ್ಕೆ ಕೋಲು ನೆಟ್ಟು, ನೂರು ರಾತ್ರಿ ಯಾರೂ ಅಲ್ಲಿ ಮೀನು ಹಿಡಿಯಬಾರದೆಂದು ಸಾರುತ್ತೀರಿ. ದಯವಿಟ್ಟು ಎರಡು ಕೋಲು ನೆಡಿಸಿ. ಮೊದಲನೆಯದು ನಿಮ್ಮ ತಮ್ಮ ಅಪೆನಿಸರ ಹೆಸರಿನದಾಗಲಿ.

ಅವರ ದೋಣಿ ಮರಳದೆ ಎಂಟು ತಿಂಗಳಾಯಿತು. ನೀವು ಆಗಲೇ ಕೋಲು ಕಡಿದು ತಂದಿದ್ದಿರಿ. "ಅದನ್ನ ನೆಟ್ಟರೆ ಅವರನ್ನ ನೀವೇ ಕೊಂದ ಹಾಗೆ" ಎಂದು ನಾನು ಕಿತ್ತುಕೊಂಡೆ. ಆಮೇಲೂ ಹೆಂಗಸರು ದಿಬ್ಬದಲ್ಲಿ ಬಲೆ ಹಾಕಿ, ನನ್ನ ಪಾಲಿನ ಮೀನನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ದಿಬ್ಬ ತೆರೆದಿರುವವರೆಗೂ ನಿಮ್ಮ ತಮ್ಮ ಬದುಕಿದ್ದಾರೆ ಎಂದುಕೊಂಡು ಅದನ್ನು ಬೇಯಿಸಿದೆ.

ಅತ್ತೆ ಮಾತ್ರ ಆ ಮೀನು ತಿನ್ನಲಿಲ್ಲ. "ಲೇ ಹುಡುಗಿ, ನಿನ್ನ ಹಠ ಮುಗಿಯೋವರ್ಗೂ ನಾನು ಅಳೋ ಹಾಗಿಲ್ಲ. ಬೇಗ ಮುಗಿಸೇ, ನಂಗೇನು ಹದಿನಾರು ವರ್ಷವಾ?" ಎಂದು ನಗುತ್ತಿದ್ದರು. ನಾನೂ ನಕ್ಕೆ. ಅತ್ತೆ ಅಳದೆಯೇ ಹೋದರು.

ನೀವು ಕಡಿದಿದ್ದ ಕೋಲು ನಮ್ಮ ಮನೆಯ ಹಿಂದೆಯೇ ಇದೆ, ಹುಳ ಹಿಡಿದಿಲ್ಲ. ನಾನೇ ಹೊತ್ತು ತರುತ್ತೇನೆ. ಎಂಟು ತಿಂಗಳಿಂದ ನಾನು ನೀರಿಗೆ ಇಳಿದಿಲ್ಲ. ಆಳ ಇರುವ ಕಡೆ ಯಾರಾದರೂ ಕೈ ಹಿಡಿದುಕೊಂಡರೆ ಸಾಕು.

ಅತ್ತೆಯ ಬಲೆಯನ್ನು ಯಾರಿಗೂ ಕೊಡಬೇಡಿ. ಅದು ಬಹಳ ಕಡೆ ಹರಿದಿದೆ. ದಿಬ್ಬ ತೆರೆಯುವ ದಿನಕ್ಕೆ ಹೊಲಿದು ಮುಗಿಸುತ್ತೇನೆ.

ನಿಮ್ಮ ತಮ್ಮನ ಹೆಂಡತಿ,
ಮಕೆರೆತಾ