ಅನ್ನ ಬಿಟ್ಟವನ ಜೋಡಿ ಸೈಕಲ್ಲು

ಮನೆ, ಅಡುಗೆಮನೆಯ ಮೇಜು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಸಾಮ್ರಾಜ್ಯದ ಏಕೈಕ ಮಹಾರಾಣಿಗೆ,

ಹೇಗಿದ್ದೀಯೆ? ನೆಗಡಿ ಬಿಟ್ಟಿತೆ? ನಿನ್ನ ಬಾಣಂತಿ ತಂಗಿ ಎದ್ದು ಓಡಾಡುತ್ತಿದ್ದಾಳೆಯೆ? ಅವಳಿಗಳಲ್ಲಿ ಒಬ್ಬ ಮಲಗಿದರೆ ಇನ್ನೊಬ್ಬ ಎದ್ದು ಕಿರುಚುತ್ತಾನೆಂದು ಗೋಳಾಡಿದ್ದೀಯಲ್ಲ, ಅದರಲ್ಲಿ ತಪ್ಪೇನು? ರಂಗವನ್ನು ಖಾಲಿ ಬಿಡಬಾರದೆಂಬುದು ಆ ಕೂಸುಗಳಿಗೆ ಹುಟ್ಟುತ್ತಲೇ ಗೊತ್ತಾಗಿದೆ. ಒಬ್ಬನ ನಿರ್ಗಮನ, ಇನ್ನೊಬ್ಬನ ಪ್ರವೇಶ! ದೊಡ್ಡ ನಟರಾಗುತ್ತಾರೆ, ಬರೆದಿಟ್ಟುಕೋ. ಇಲ್ಲಿ ನಾವಿಬ್ಬರೂ ಕ್ಷೇಮ. ಕ್ಷೇಮ ಎಂಬ ಪದವನ್ನು ಎಷ್ಟು ಗಟ್ಟಿಯಾಗಿ ಓದಬೇಕೆಂಬುದನ್ನು ಕೊನೆಯವರೆಗೆ ಓದಿ ನೀನೇ ತೀರ್ಮಾನಿಸು.

ಮಗಳ ಜೊತೆ ತುಳಿಯುತ್ತಿದ್ದ ಹೂವಿನ ಅಂಗಡಿಯ ಗೆಳತಿ ಬೇರೆ ಊರು ಸೇರಿದ ಮೇಲೆ ಆ ಜೋಡಿ ಸೈಕಲ್ಲಿನ ಮುಂದಿನ ಸೀಟು ಖಾಲಿ ಬಿದ್ದದ್ದೂ, ಆ ಸಿಂಹಾಸನವನ್ನು ನಾನೇರಿದ್ದನ್ನು ಕಂಡು ನೀನು ಹೊಟ್ಟೆ ಹಿಡಿದು ನಕ್ಕದ್ದೂ ನೆನಪಿದೆಯಷ್ಟೆ? ನಕ್ಕರೆ ನಗು. ಕಣ್ಣು ಕಾಣದ ನಮ್ಮ ಹುಡುಗಿಗೆ ಮುಂದೊಬ್ಬರು ಹ್ಯಾಂಡಲ್ ಹಿಡಿಯದಿದ್ದರೆ ರಸ್ತೆಯೇ ಇಲ್ಲ. ಮುಂದಿನ ತಿಂಗಳ ಇನ್ನೂರು ಕಿಲೋಮೀಟರಿನ ಸವಾರಿಗಾಗಿ ಅವಳು ಎಷ್ಟು ವರ್ಷ ಕಾದಿದ್ದಾಳೆ! ವಾದ್ಯದಂಗಡಿಯಲ್ಲಿ ದಿನವಿಡೀ ತಂತಿಗಳಿಗೆ ಶ್ರುತಿ ಮಾಡಿ ಬಂದು, ಸಂಜೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ ಕೂರುತ್ತಾಳೆ. ಆ ಬೆರಳುಗಳನ್ನು ನೋಡಿ ಆಗುವುದಿಲ್ಲವೆಂದು ಹೇಳುವ ಗಂಡಸು ನಾನಲ್ಲ. ತೊಡಕು ಒಂದೇ, ಈ ಹೊಟ್ಟೆ. ರಕ್ತದಲ್ಲಿ ಸಕ್ಕರೆ ಏರುತ್ತಿದೆ, ತೂಕ ಇಳಿಸಿ ಎಂದು ಡಾಕ್ಟರಮ್ಮ ನಿನ್ನೆದುರೇ ಬೈದಿದ್ದರಲ್ಲ.

ಆಗ ಪ್ರವೇಶ ಮಾಡಿದವನು ನಮ್ಮ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಮೊಟ್ಟೆ ಮೇಷ್ಟ್ರು. ಮೂರು ಹೊತ್ತೂ ಮೊಟ್ಟೆ ತಿಂದು, ಇಡೀ ನಿಲ್ದಾಣಕ್ಕೆ ಅದರ ಪಾಠ ಹೇಳುವುದರಿಂದ ಅವನಿಗೆ ಆ ಬಿರುದು. "ಯಜಮಾನ್ರೇ, ಅನ್ನ ಬಿಡಿ, ಬ್ರೆಡ್ ಬಿಡಿ, ಆಲೂಗಡ್ಡೆ ಬಿಡಿ, ಸಕ್ಕರೆ ಹೆಸ್ರೇ ಎತ್ಬೇಡಿ. ನಿಮ್ಮ ಮೈಯಲ್ಲಿರೋ ಕೊಬ್ಬೇ ನಿಮಗೆ ಪೆಟ್ರೋಲು!" ಎಂದ. ಆಹಾ! ಇಷ್ಟು ವರ್ಷ ಹೊತ್ತು ತಿರುಗಿದ್ದು ಹೊಟ್ಟೆಯಲ್ಲ, ಪೆಟ್ರೋಲ್ ಟ್ಯಾಂಕು! ಅಂದೇ ಸಂಜೆ ಅನ್ನದ ಪಾತ್ರೆಯ ಮುಂದೆ ನಿಂತು, ಬಲಗೈ ಮೇಲೆತ್ತಿ, ಎಲೈ ಧವಳಾಂಗಿಯೇ, ಇನ್ನು ನಿನಗೂ ನನಗೂ ಋಣ ಹರಿಯಿತು ಎಂದು ಗರ್ಜಿಸಿದೆ. ಒಳಗಿನಿಂದ ಮಗಳು, "ಅಪ್ಪಾ, ಅನ್ನಕ್ಕೆ ಕಿವಿ ಇಲ್ಲ, ನನಗಿದೆ. ಸ್ವಲ್ಪ ಮೆಲ್ಲಗೆ ಬಿಡು" ಎಂದಳು.

ಮೊದಲ ವಾರ ವಿಜಯೋತ್ಸವ. ಬೆಲ್ಟು ಒಂದು ತೂತು ಒಳಗೆ ಸರಿಯಿತು. ಎರಡನೆಯ ವಾರ ತಲೆಯೊಳಗೆ ಯಾರೋ ಪರದೆ ಎಳೆದಂತಾಯಿತು. ಬಸ್ಸುಗಳ ಹೊತ್ತು ಸಾರುತ್ತ ನಾನು ಕೂರುವ ಘೋಷಣೆಯ ಕೋಣೆಯ ಗಾಜಿನಾಚೆ ತಳ್ಳುಗಾಡಿಯವನು ಬನ್ನುಗಳನ್ನು ಗೋಪುರದಂತೆ ಪೇರಿಸಿ, ಒಂದೊಂದರ ಮೇಲೂ ಬೆಣ್ಣೆ ಸವರುವುದು ನನಗೆ ಕಾಣುತ್ತದೆ. ಅದನ್ನೇ ನೋಡುತ್ತ ಮೈಕಿಗೆ ಬಾಯಿಟ್ಟು ನನ್ನ ಗಂಭೀರ ಕಂಠದಲ್ಲಿ ಘೋಷಿಸಿದೆ: "ಪ್ರಯಾಣಿಕರ ಗಮನಕ್ಕೆ! ಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವ ಬನ್ನು ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ!" ಹೇಳಿದ್ದು ನನ್ನ ಕಿವಿಗೇ ಬೀಳಲಿಲ್ಲ ನೋಡು, ಎರಡನೇ ಸಲವೂ ಹಾಗೆಯೇ ಹೇಳಿದೆ. ಕಂಡಕ್ಟರನೊಬ್ಬ ಕಿಟಕಿಗೆ ಬಂದು, "ಯಜಮಾನ್ರೇ, ಬನ್ನಲ್ಲಿ ಸೀಟ್ ಖಾಲಿ ಇದ್ಯಾ, ಇಲ್ಲ ನಿಂತ್ಕೊಂಡೇ ಹೋಗ್ಬೇಕಾ?" ಎಂದು ಕೇಳಿದ. ಈಗಲೂ ನಾನು ಕೋಣೆಯೊಳಗೆ ಕಾಲಿಟ್ಟರೆ ಡ್ರೈವರುಗಳೆಲ್ಲ "ಬಂದ್ರು, ಬನ್ ಯಜಮಾನ್ರು ಬಂದ್ರು" ಎನ್ನುತ್ತಾರೆ. ನಾನೂ ನಕ್ಕೆ. ನಗಬಾರದಿತ್ತು, ಅದು ಎಚ್ಚರಿಕೆಯ ಗಂಟೆಯಾಗಿತ್ತು.

ಆ ವಾರದ ಭಾನುವಾರ ಗುಡ್ಡದ ರಸ್ತೆಯ ಅಭ್ಯಾಸ. ಬೆಳಗ್ಗೆ ತಿಂದದ್ದು ಎರಡು ಮೊಟ್ಟೆ, ಒಂದು ಸೌತೆಕಾಯಿ. ಮೊದಲ ತಿರುವಿನಲ್ಲೇ ತೊಡೆಗಳು ಒದ್ದೆ ಬಟ್ಟೆಯಾದವು. ನಾನೇನು ಮಾಡಿದೆ ಬಲ್ಲೆಯಾ? ಕಾಲು ಸೋತಷ್ಟೂ ಕಂಠ ಏರಿಸಿದೆ. ನಾಟಕದಲ್ಲಿ ನಾನು ಆಡಿದ್ದ, ದಿಗ್ವಿಜಯಕ್ಕೆ ಹೊರಟ ರಾಜನ ಮಾತುಗಳನ್ನೆಲ್ಲ ಒಂದೊಂದಾಗಿ ಸುರಿದೆ. ಕಣ್ಣಂಚಿನಲ್ಲಿ ರಸ್ತೆ ಮಸುಕಾಗುತ್ತಿತ್ತು, ಆದರೂ ಸ್ವರ ನಡುಗಿಸಲಿಲ್ಲ. ಹಿಂದಿನಿಂದ ಅವಳ ಧ್ವನಿ ಬಂತು. "ಅಪ್ಪಾ, ನಿನ್ನ ಧ್ವನಿ ಮಾತ್ರ ಗುಡ್ಡ ಹತ್ತುತ್ತಿದೆ. ಕಾಲು ಎಲ್ಲಿ?" ನಮ್ಮಿಬ್ಬರ ಪೆಡಲುಗಳೂ ಒಂದೇ ಚೈನಿನಲ್ಲಿ ಕಟ್ಟಿಕೊಂಡಿವೆಯೆಂಬುದು ನನಗೆ ಮರೆತೇ ಹೋಗಿತ್ತು! ಜಗತ್ತಿಗೆಲ್ಲ ಬಣ್ಣ ಹಚ್ಚಿ ತೋರಿಸಬಹುದು, ಅವಳ ಪಾದಕ್ಕೆ ಸಾಧ್ಯವಿಲ್ಲ. ಉತ್ತರ ಕೊಡುವಷ್ಟರಲ್ಲಿ ಮುಂದಿನ ಚಕ್ರ ಜಲ್ಲಿಗೆ ಸರಿದು, ಇಬ್ಬರೂ ಬಿದ್ದೆವು. ಗಾಬರಿಯಾಗಬೇಡ. ಅವಳ ಮೊಣಕೈ ತರಚಿತು, ಈಗ ಒಣಗಿದೆ. ನನ್ನ ಪ್ಯಾಂಟು ಮಾತ್ರ ವೀರಮರಣವನ್ನಪ್ಪಿತು.

ರಸ್ತೆಬದಿಯಲ್ಲಿ ಕೂತು ಅವಳು ಅಂದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ತಿರುವು ಬಂದ್ರೆ ಹೇಳ್ತೀಯ, ಗುಂಡಿ ಬಂದ್ರೆ ಹೇಳ್ತೀಯ, ನಾಯಿ ಅಡ್ಡ ಬಂದ್ರೆ ಅದರ ಬಣ್ಣಾನೂ ಹೇಳ್ತೀಯ. ನಿಂಗೆ ಸುಸ್ತಾದ್ರೆ ಮಾತ್ರ ಯಾಕಪ್ಪಾ ಹೇಳಲ್ಲ? ನಾನು ಹಿಂದೆ ಪ್ರೇಕ್ಷಕಳಾಗಿ ಕೂತಿಲ್ಲ. ನಂಗೂ ಎರಡು ಕಾಲಿದೆ. ಹೇಳೋಕಾಗಲ್ಲ ಅಂದ್ರೆ ಸವಾರಿನೇ ಬೇಡ, ಹೆಸರು ವಾಪಸ್ ತಗೋತೀನಿ." ಕೂಗಲಿಲ್ಲ ಕಣೇ, ಮೆಲ್ಲಗೆ ಹೇಳಿದಳು. ದಿನಕ್ಕೆ ನೂರಾರು ಬಸ್ಸುಗಳ ಬರವು, ಹೊರಡುವಿಕೆ, ವಿಳಂಬ ಎಲ್ಲವನ್ನೂ ಸಾರುವ ಈ ಬಾಯಿ ನನ್ನ ಕಾಲಿನ ವಿಳಂಬವೊಂದನ್ನು ಮಾತ್ರ ಸಾರಿರಲಿಲ್ಲ.

ಮರುದಿನ ಅವಳೇ ನನ್ನನ್ನು ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು. ಸಕ್ಕರೆ ಇಳಿದಿದೆ! ಇದನ್ನು ಎರಡು ಸಲ ಓದು. ಆದರೆ ಡಾಕ್ಟರಮ್ಮ ನನ್ನ ವಿಜಯಭಾಷಣಕ್ಕೆ ಅವಕಾಶ ಕೊಡಲಿಲ್ಲ. "ಮೈಕ್ ಮುಂದೆ ಕೂರೋ ದಿನ ಅನ್ನ, ಬ್ರೆಡ್ ಕಡಿಮೆ ಮಾಡಿ, ಒಳ್ಳೇದೇ. ಗುಡ್ಡ ಹತ್ತೋ ದಿನವೂ ಕಾಲಿಗೆ ಏನೂ ಕೊಡದಿದ್ರೆ ಅವು ಏನು ಮಾಡ್ತವೆ ಪಾಪ? ಕೊಬ್ಬಿನ ಮೇಲೇ ಓಡೋದಕ್ಕೆ ಮೈ ಪಳಗಬೇಕಾದ್ರೆ ವಾರಗಟ್ಟಲೆ ಬೇಕು. ನಿಮಗೆ ಅಷ್ಟು ವ್ಯವಧಾನ ಎಲ್ಲಿದೆ?" ಎಂದರು. ಹಾಗಾಗಿ ಈಗ ವಾರದ ದಿನಗಳಲ್ಲಿ ಸೊಪ್ಪು, ಮೊಟ್ಟೆ, ಬೀಜ. ದೂರ ಹೋಗುವ ದಿನ ಬೆಳಗ್ಗೆ ಹದವಾಗಿ ಅನ್ನ, ದಾರಿಯಲ್ಲಿ ಬಾಳೆಹಣ್ಣು. ಮೊಟ್ಟೆ ಮೇಷ್ಟ್ರು ನನ್ನನ್ನು ಧರ್ಮಭ್ರಷ್ಟನೆಂದು ಸಾರಿದ್ದಾನೆ.

ಇವತ್ತು ಬೆಳಗ್ಗೆ ಅದೇ ಗುಡ್ಡ. ಮೂರನೆಯ ತಿರುವಿನವರೆಗೆ ಚೆನ್ನಾಗಿ ಹೋದೆವು. ಆಮೇಲೆ ಉಸಿರು ಗಂಟಲಿಗೆ ಬಂತು. ರಾಜನ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಎಂಥ ಕಹಿ ಗುಟುಕು! ಕೊನೆಗೆ "ಸುಸ್ತು" ಎಂದೆ. ನನ್ನ ಜೀವನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಏನನ್ನೂ ಹೇಳಿರಲಿಲ್ಲ. ನನ್ನ ಪಾದದಡಿಯ ಪೆಡಲು ತಾನಾಗಿ ಕೆಳಗಿಳಿಯಿತು, ತಾನಾಗಿ ಮೇಲೆ ಬಂತು. ಅವಳು ತುಳಿಯುತ್ತಿದ್ದಳು! ನೆತ್ತಿ ಮುಟ್ಟಿದ ಮೇಲೆ ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, "ಇಷ್ಟು ಸಣ್ಣ ಡೈಲಾಗಿಗೆ ಇಷ್ಟು ದಿನ ರಿಹರ್ಸಲ್ಲಾ?" ಎಂದಳು. ಹೆಸರು ವಾಪಸ್ ತೆಗೆದುಕೊಳ್ಳುವ ಮಾತು ಮತ್ತೆ ಬರಲಿಲ್ಲ.

ನಿನ್ನ ತಂಗಿಗೆ ನನ್ನ ಆಶೀರ್ವಾದ, ಅವಳ ಗಂಡನಿಗೆ ನನ್ನ ಸಹಾನುಭೂತಿ, ಅವಳಿಗಳಿಬ್ಬರಿಗೂ ಒಂದೇ ಅಳತೆಯ ಮುತ್ತು. ಮಗಳು ನಿನ್ನ ಕೈಗೆ ಮುತ್ತು ಕಳಿಸಿದ್ದಾಳೆ.

ಇಂತು ನಿನ್ನ,
ಒಂದು ತೂತು ಇಳಿದ ಗಂಡ

ಮರೆತಿದ್ದೆ: ಇನ್ನೂರು ಕಿಲೋಮೀಟರು ನನ್ನಿಂದ ಆಗದು. ಅರ್ಧ ಆಗುತ್ತದೆ, ಗುಡ್ಡವೂ ಆ ಅರ್ಧದಲ್ಲೇ ಇದೆ. ಊಟಕ್ಕೆ ನಿಲ್ಲುವಲ್ಲಿ ಮುಂದಿನ ಸವಾರರನ್ನು ಬದಲಿಸಲು ಅವಕಾಶವಿದೆ. ಪಾಠ ಹೇಳಲು ವರ್ಷವಿಡೀ ಶಾಲೆಗೆ ಸೈಕಲ್ಲಿನಲ್ಲೇ ಹೋಗಿಬರುವ ಹೆಂಗಸು ಈ ಮನೆಯಲ್ಲಿ ಒಬ್ಬಳೇ. ನಿನ್ನ ಹೆಸರು ಕೊಟ್ಟಾಗಿದೆ. ಕೊಟ್ಟವಳು ಮಗಳು, ಬಯ್ಯುವುದಿದ್ದರೆ ನನಗೇ ಬಯ್ಯಿ. ಹದಿನೈದು ದಿನದೊಳಗೆ ಹೊರಟು ಬಾ, ಜೊತೆಗೆ ತುಳಿದು ರೂಢಿಯಾಗಬೇಕು. ಮತ್ತೆ ಅಲ್ಲಿ ಯಾರ ಮಾತು ಕೇಳಿಯೂ ಅನ್ನ ಬಿಡಬೇಡ.