ಹಳೇ ಬಾಟ್ಲಿಯ ತಪ್ಪು ಗುರುತು

ನವನಗರ, ಬಾಗಲಕೋಟ
ರವಿವಾರ, 8 ಫೆಬ್ರವರಿ 2026

ನನ್ನ ಪ್ರೀತಿಯ ಅಪ್ಪಾ,

ನಿನ್ನ ಮಗಳು ಅಂಜನಾ ಮಾಡೋ ನಮಸ್ಕಾರ. ಹಿಮ್ಮಡಕ್ಕ ನಟ್ಟ ಜಾಲಿಮುಳ್ಳು ಪೂರಾ ಹೊರಗ ಬಂತೋ, ಇಲ್ಲಾ ಇನ್ನೂ ಕುಂಟಕೋತನ ಕುರಿ ಹಿಂದ ಅಡ್ಡಾಡಾಕತ್ತೀಯೋ? ಬಾವು ಬಂದಿದ್ರ ಗುಡೂರ ದವಾಖಾನಿಗೆ ಹೋಗಿ ತೋರಿಸು, ಅರಿಶಿಣ ಹಚ್ಚಿ ಸುಮ್ನ ಕೂಡಬ್ಯಾಡ. ಶಿರೂರಾಗ ಅವ್ವ ಆರಾಮ ಅದಾಳ. ತಮ್ಮ ಮುತ್ತುರಾಜ ಇವತ್ತ ನಿನಗ ಜ್ವಾಳದ ಹಿಟ್ಟು, ಬಿಪಿ ಗುಳಿಗಿ ಕೊಡಾಕ ಬರ್ತಾನ, ಈ ಪತ್ರಾನೂ ಅವನ ಕೈಯಾಗ ಕೊಡ್ತೇನಿ. ಫೋನ್ ಮಾಡಿದ್ರ ನೀ ನಡುವ ‘ಹೋ, ಹೋ, ಕುರಿ ಹೊಲಕ್ಕ ಬಿದ್ವು’ ಅಂತ ಓಡ್ತಿ. ಇದು ಅರ್ಧಕ್ಕ ಬಿಡೋ ಮಾತಲ್ಲ.

ನಾ ಲ್ಯಾಬಿನ್ಯಾಗ ಏನ್ ಮಾಡ್ತೇನಿ ಅಂತ ನೀ ಭಾಳ ಸಲ ಕೇಳೀದಿ. ನೀ ಕದರಿಗೆ ಉಣ್ಣಿ ನೂಲು ಸುತ್ತತೀಯಲ್ಲ, ಹಂಗ ನಮ್ಮ ಮೈಯಾಗಿನ ಸಣ್ಣ ಸಣ್ಣ ಕಣದಾಗ ಡಿಎನ್ಎ ಅನ್ನೋ ನೂಲು ಹಿಸ್ಟೋನ್ ಅನ್ನೋ ಪ್ರೋಟೀನಿಗೆ ಸುತ್ತಿಕೊಂಡಿರ್ತದ. ಆ ಹಿಸ್ಟೋನಿನ ಮ್ಯಾಲ ಗುರುತು ಇರ್ತಾವ. ಎದಿಯಾಗ ಕ್ಯಾನ್ಸರ್ ಗಂಟಾದ ಹೆಣ್ಣಮಕ್ಕಳ ಗಂಟಿನ ತುಣುಕಿನ್ಯಾಗ ಅಂಥಾ ಒಂದು ಗುರುತು ಹುಡುಕೂದು ನನ್ನ ಕೆಲಸ. ಕಣ್ಣಿಗೆ ಅದು ಕಾಣೂದಿಲ್ಲ. ಆಂಟಿಬಾಡಿ ಅಂತ ಒಂದು ಔಷಧ ಬರ್ತದ, ಮೊಲದ ರಕ್ತದಿಂದ ಮಾಡ್ತಾರ. (‘ರಕ್ತ ತಗದ್ರ ಮೊಲಕ್ಕ ಏನೂ ಆಗೂದಿಲ್ಲೇನು?’ ಅಂತ ನೀ ಕೇಳಿದ್ದಿ.) ಅದು ಬೇಕಾದ ಗುರುತಿಗಷ್ಟ ಹೋಗಿ ಅಂಟಕೋಬೇಕು, ಅಂಟಿದಲ್ಲಿ ಬಣ್ಣ ಕಾಣ್ತದ.

ಎರಡು ವರ್ಷ ಆ ಔಷಧದ ಒಂದ ಬಾಟ್ಲಿಯಿಂದ ಕೆಲಸ ಮಾಡಿದೆ. ಫಲ ಭಾಳ ಛಲೋ ಬಂದಿತ್ತು. ನಮ್ಮ ಗೈಡ್ ಶುಭದಾ ಮೇಡಮ್ಮು ಅದನ್ನ ವಿಜ್ಞಾನ ಪತ್ರಿಕೆಗೆ ಕಳಸಿದ್ರು. ದೀಪಾವಳಿ ಮುಂದ ಬಾಟ್ಲಿ ತೀರಾಕ ಬಂತು, ಹೊಸಾದು ತರಿಸಿದ್ವಿ. ಹೊಸಾದರಿಂದ ಅವ ತುಣುಕು ನೋಡಿದ್ರ ಆ ಗುರುತ ಕಾಣಲಿಲ್ಲ. ಮೊದಲ ನನ್ನ ಕೈ ತಪ್ಪಿರಬೇಕು ಅಂದುಕೊಂಡೆ. ಕಡೀಕ ಬ್ಯಾರೆ ಬ್ಯಾರೆ ಗುರುತಿನ ಹಿಸ್ಟೋನ್ ಚೂರು ತರಿಸಿ, ಬಿಳಿ ಪಟ್ಟಿ ಮ್ಯಾಲ ಚುಕ್ಕಿ ಚುಕ್ಕಿ ಇಟ್ಟು ಎರಡೂ ಬಾಟ್ಲಿ ಪರೀಕ್ಷೆ ಮಾಡಿದೆ. ಹೊಸಾದು ಬೇಕಾದ ಒಂದ ಚುಕ್ಕಿಗೆ ಅಂಟಿತು. ಹಳೇದು ಬಾಜೂಕಿನ ಬ್ಯಾರೆ ಗುರುತಿನ ಚುಕ್ಕಿಗೂ ಅಂಟಿತ್ತು. ಅಂದ್ರ ನಾ ಎರಡು ವರ್ಷ ಬ್ಯಾರೇನ ಗುರುತು ನೋಡಿ ಇದ ಅದು ಅಂತ ಬರದಿದ್ದೆ.

ಹಳೇ ಬಾಟ್ಲಿ ಒಗದು ಸುಮ್ನಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಖರೆ ಹೇಳ್ತೇನಿ ಅಪ್ಪಾ, ಎರಡು ದಿನ ಸುಮ್ನ ಇದ್ದೆ. ಮೂರನೇ ದಿನ ನಮ್ಮ ಲ್ಯಾಬ್ ಇರೋ ದವಾಖಾನಿ ಪಡಸಾಲ್ಯಾಗ ಇಳಕಲ್ಲಿನ ಅಫ್ಸಾನಾಬಿ ಸಿಕ್ಕಳು. ಹೋದ ವರ್ಷ ಆಪರೇಶನ್ ಆದಾಗ ತನ್ನ ಗಂಟಿನ ತುಣುಕು ನಮಗ ಕೊಟ್ಟಾಕಿ. ಈಗ ಆರಾಮ ಅದಾಳ, ತಪಾಸಣಿಗೆ ಬಂದಿದ್ದಳು. ನನ್ನ ಕೈ ಹಿಡದು, ‘ನಂದು ಯಾರಿಗರೆ ಉಪಯೋಗ ಬಿತ್ತೇನವಾ?’ ಅಂತ ಕೇಳಿದ್ಳು.

ಅಲ್ಲಿಂದ ಸೀದಾ ಮೇಡಮ್ಮಿನ ಕೋಣಿಗೆ ಹೋಗಿ ಪಟ್ಟಿ ಮುಂದಿಟ್ಟೆ. ಚಸ್ಮಾ ತಗದು ಸನೇಕ ಹಿಡದು ಭಾಳ ಹೊತ್ತು ನೋಡಿದ್ರು. ‘ಎಷ್ಟು ಸಲ ಮಾಡೀದಿ?’ ಅಂದ್ರು. ‘ಮೂರು ಸಲ ರೀ.’ ‘ಈ ಪರೀಕ್ಷೆ ಮೊದಲನೇ ದಿನಾನ ಯಾಕ ಮಾಡಲಿಲ್ಲ?’ ಮತ್ತ ಅವರ ಅಂದ್ರು, ‘ಮಾಡು ಅಂತ ನಾನೂ ಹೇಳಲಿಲ್ಲಲ್ಲ.’ ನನ್ನನ್ನ ಬಾಜೂಕ ಕೂಡಿಸಿಕೊಂಡ ಪತ್ರಿಕೆಗೆ ಬರದ್ರು: ನಮ್ಮ ಕೆಲಸದಾಗ ತಪ್ಪು ಅದ, ವಾಪಸ್ ತಗೊಳ್ತೇವಿ. ಕೆಳಗ ತಮ್ಮ ಹೆಸರು ಮೊದಲು ಹಾಕಿದ್ರು. ಹೊರಗ ಬಂದು ಅತ್ತೆ. ಆಮ್ಯಾಲ ಹಸಿವಿ ಆತು, ಎರಡು ಪ್ಲೇಟ್ ಮಂಡಕ್ಕಿ ತಿಂದೆ.

ತುಣುಕು ಇನ್ನೂ ಫ್ರಿಜ್ಜಿನ್ಯಾಗ ಅದಾವ. ಎಲ್ಲಾ ಮೊದಲಿಂದ ಮಾಡಬೇಕು, ಇನ್ನೊಂದು ವರ್ಷ ಹೆಚ್ಚಿಗೆ ಹಿಡೀತದ. ಮೊನ್ನಿಂದ ಶುರು ಮಾಡೇನಿ. ಅವ್ವಗ ಹೇಳೇನಿ, ‘ಮತ್ತ ಒಂದು ವರ್ಷ?’ ಅಂತ ಸಿಟ್ಟಾಗ್ಯಾಳ. ನೀ ಆಕಿಗೆ ಒಂದು ಮಾತು ಹೇಳು.

ಬೀರಪ್ಪ ದೇವರು ನಿನ್ನನ್ನ, ಮರಿ ಹಾಕಿದ ಕುರಿಗಳನ್ನ ಚೆಂದಾಗಿ ಇಡಲಿ. ನಿನ್ನ ಜೋಡಿ ಇರೋ ಮಾಳಪ್ಪ ಕಾಕಾಗ ನನ್ನ ನಮಸ್ಕಾರ ಹೇಳು.

ನಿನ್ನ ಮಗಳು
ಅಂಜನಾ

ತಾ.ಕ.: ಮುತ್ತುರಾಜ ಹೊರಗ ಹಾರ್ನ್ ಹೊಡ್ಯಾಕತ್ತಾನ. ಹೋದ ವರ್ಷ ಧಾರವಾಡದ ಸಮ್ಮೇಳನದ ಪುಸ್ತಕದಾಗ ನನ್ನ ಫೋಟೊ ಬಂದ ಹಾಳಿ ನೀ ಅಂಗಿ ಕಿಸೇದಾಗ ಇಟಗೊಂಡು, ಕುರಿ ತರಬಿ ನಿಲ್ಲಿಸಿದ ಊರಾಗೆಲ್ಲಾ ಬಿಚ್ಚಿ ತೋರಿಸ್ತಿ ಅಂತ ಅವ ಈಗ ಹೇಳಿದ. ಅಪ್ಪಾ, ಅದರಾಗ ಬರದದ್ದು ಈ ತಪ್ಪ ಕೆಲಸಾನ. ಇನ್ನ ಯಾರಿಗೂ ತೋರಿಸಬ್ಯಾಡ. ನೋಡಿದವರು ಕೇಳಿದ್ರ, ತಪ್ಪಿತ್ತು, ನನ್ನ ಮಗಳು ತಾನ ಹುಡುಕಿ ಹೇಳ್ಯಾಳ ಅನ್ನು. ಫೋಟೊ ಬೇಕಂದ್ರ ಅದಷ್ಟ ಕತ್ತರಿಸಿ ಇಟಗೋ.